ಬೆಳೆಸಾಲದ ನವೀಕರಣ: ಬ್ಯಾಂಕಿನ ಶಾಖೆಯೊಂದರಲ್ಲಿ ಬೇಸಗೆಯ ಪ್ರಾಯೋಗಿಕ ಶಿಕ್ಷಣದಿಂದ ತಿಳಿದುಬಂದ ವಿಚಾರಗಳು

1. ಪೀಠಿಕೆ

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಬ್ಯಾಂಕಿನ ಪರಿಚಯವಾಗುವುದು ಸಾಮಾನ್ಯವಾಗಿ ಅಂಕಿಅಂಶಗಳ ಮೂಲಕ. ಠೇವಣಿಯ ಮೊತ್ತ, ಸಾಲದ ಮೊತ್ತ, ಇವೆರಡರ ಪ್ರಮಾಣ, ಬಡ್ಡಿಯ ದರ, ವಸೂಲಾಗದೆ ಉಳಿದ ಸಾಲದ ಶೇಕಡಾವಾರು ಭಾಗ—ಇಂತಹ ಕೋಷ್ಟಕಗಳನ್ನು ಆತನು ಪರೀಕ್ಷೆಗಾಗಿ ಅಭ್ಯಾಸಮಾಡುತ್ತಾನೆ. ಮುಂದೆ ಪ್ರಬಂಧವನ್ನು ಬರೆಯತೊಡಗಿದಾಗ ಅವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾನೆ. ಆದರೆ ಕೋಷ್ಟಕದಲ್ಲಿರುವ ಒಂದೊಂದು ಅಂಕಿಯೂ ಎಲ್ಲಿ, ಯಾರ ಕೈಯಿಂದ, ಯಾವ ಸಂದರ್ಭದಲ್ಲಿ ಹುಟ್ಟಿತೆಂಬುದನ್ನು ಕೋಷ್ಟಕವು ಹೇಳುವುದಿಲ್ಲ. ಇದನ್ನು ತಿಳಿಯಬೇಕಾದರೆ ಆ ಅಂಕಿ ಮೊದಲಬಾರಿಗೆ ನಮೂದಾಗುವ ಸ್ಥಳದಲ್ಲಿ, ಅಂದರೆ ಶಾಖೆಯ ಕೌಂಟರಿನ ಬಳಿಯಲ್ಲಿ, ಸ್ವಲ್ಪ ಕಾಲ ಕುಳಿತಿರಬೇಕಾಗುತ್ತದೆ.

ಇಂದು ಎಲ್ಲರೂ ಇಂಟರ್ನ್‌ಶಿಪ್ ಎಂದು ಕರೆಯುವ ಬೇಸಗೆಯ ಪ್ರಾಯೋಗಿಕ ಶಿಕ್ಷಣವು ವಿದ್ಯಾರ್ಥಿಗೆ ಇಂತಹ ಒಂದು ಅವಕಾಶವನ್ನು ಒದಗಿಸುತ್ತದೆ. ಸ್ನಾತಕೋತ್ತರ ವ್ಯಾಸಂಗದ ಮೊದಲ ವರ್ಷ ಮುಗಿದ ಮೇಲೆ ನಾನು ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿರುವ ಬ್ಯಾಂಕಿನ ಶಾಖೆಯಲ್ಲಿ ಏಪ್ರಿಲ್ ತಿಂಗಳ ಕೊನೆಯಿಂದ ಎಂಟು ವಾರಗಳ ಕಾಲ ಈ ಶಿಕ್ಷಣವನ್ನು ಪಡೆದೆನು. ಗ್ರಾಹಕರ ವ್ಯವಹಾರವನ್ನು ಗುಟ್ಟಾಗಿ ಇಡತಕ್ಕದ್ದೆಂಬ ಕಟ್ಟಳೆಗೆ ಒಳಪಟ್ಟೇ ನನಗೆ ಅಲ್ಲಿ ಪ್ರವೇಶ ದೊರೆತುದರಿಂದ ಬ್ಯಾಂಕಿನ ಹೆಸರನ್ನಾಗಲಿ, ಊರಿನ ಹೆಸರನ್ನಾಗಲಿ, ಯಾವ ಖಾತೆದಾರರ ಲೆಕ್ಕವನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಲೆಕ್ಕದ ಉದಾಹರಣೆಗಳೆಲ್ಲವೂ ವಿವರಣೆಗಾಗಿ ಕಲ್ಪಿಸಿಕೊಂಡವು.

ಈ ಲೇಖನದ ಉದ್ದೇಶ ಮಿತವಾದುದು. ಶಾಖೆಯಲ್ಲಿ ನಡೆಯುವ ಕೆಲಸಗಳೆಲ್ಲವನ್ನೂ ವರ್ಣಿಸದೆ, ಬೆಳೆಸಾಲದ ನವೀಕರಣವೆಂಬ ಒಂದು ಸಾಮಾನ್ಯ ಕ್ರಿಯೆಯನ್ನು ಮಾತ್ರ ಎತ್ತಿಕೊಂಡು, ಅದು ರೈತನಿಗೆ ಯಾವ ವೆಚ್ಚವನ್ನು ತರುತ್ತದೆ, ಗ್ರಾಮೀಣ ಸಾಲದ ಬಗ್ಗೆ ನಾವು ನಂಬಿರುವ ಅಂಕಿಅಂಶಗಳ ಮೇಲೆ ಯಾವ ಪರಿಣಾಮವನ್ನು ಬೀರುತ್ತದೆ ಎಂಬ ಎರಡು ವಿಷಯಗಳನ್ನು ವಿಚಾರಮಾಡಲಾಗಿದೆ.

2. ಹಿನ್ನೆಲೆ

ಬ್ಯಾಂಕುಗಳ ಇತಿಹಾಸದಲ್ಲಿ ಕನ್ನಡ ನಾಡಿಗೆ ಒಂದು ವಿಶಿಷ್ಟ ಸ್ಥಾನವಿದೆಯೆಂಬುದು ಸುವಿದಿತವಾದ ವಿಷಯ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ ಸ್ಥಾಪಿಸಿದರು. 1913ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ಬ್ಯಾಂಕು ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿ ಪ್ರಾರಂಭವಾಗಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಯ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತಹ ಸಣ್ಣ ಉಳಿತಾಯವನ್ನೂ ಸಂಗ್ರಹಿಸುವ ಮಾರ್ಗವನ್ನು ತೋರಿಸಿತು. 1969 ಮತ್ತು 1980ರ ರಾಷ್ಟ್ರೀಕರಣ, 2017ರಿಂದ 2020ರವರೆಗೆ ನಡೆದ ವಿಲೀನಗಳು—ಇವುಗಳಿಂದ ಈ ಸಂಸ್ಥೆಗಳ ಪೈಕಿ ಹಲವುಗಳ ಹೆಸರು ಅಳಿದಿದ್ದರೂ ಅವುಗಳ ಶಾಖೆಗಳು ಬೇರೆ ಫಲಕದ ಕೆಳಗೆ ಕೆಲಸಮಾಡುತ್ತಲೇ ಇವೆ.

ಸಣ್ಣವರ ಹಣವನ್ನು ಬ್ಯಾಂಕಿಗೆ ತರುವ ಸಮಸ್ಯೆಗೆ ಹೀಗೆ ಬಹು ಹಿಂದೆಯೇ ಒಂದು ಪರಿಹಾರ ಕಂಡುಬಂದಿತು. ಬ್ಯಾಂಕಿನ ಹಣವನ್ನು ಸಣ್ಣವರಿಗೆ ಮುಟ್ಟಿಸುವ ಸಮಸ್ಯೆ ಇದಕ್ಕಿಂತ ಜಟಿಲವಾದುದು. ರಿಸರ್ವ್ ಬ್ಯಾಂಕು 1951-52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ವರ್ಷದಲ್ಲಿ ತಂದ ಒಟ್ಟು ಸಾಲದಲ್ಲಿ ಸುಮಾರು ಶೇಕಡಾ 70 ಭಾಗವು ಲೇವಾದೇವಿಗಾರರಿಂದ ಬಂದಿದ್ದಿತು. ಸರ್ಕಾರದಿಂದಲೂ ಸಹಕಾರ ಸಂಘಗಳಿಂದಲೂ ಬಂದುದು ತಲಾ ಸುಮಾರು ಶೇಕಡಾ 3. ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 1ಕ್ಕೂ ಕಡಿಮೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೆಯ ಸುತ್ತಿನಲ್ಲಿ, 2019ರಲ್ಲಿ, ನಡೆದ ಸಾಲ ಮತ್ತು ಹೂಡಿಕೆಯ ವಿಚಾರಣೆಯಂತೆ ಗ್ರಾಮೀಣ ಕುಟುಂಬಗಳ ಬಾಕಿ ಸಾಲದಲ್ಲಿ ಶೇಕಡಾ 66 ಭಾಗವು ಬ್ಯಾಂಕು, ಸಹಕಾರ ಸಂಘ ಮೊದಲಾದ ಸಂಸ್ಥೆಗಳಿಗೆ ಸೇರಿದುದಾಗಿದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಲೇವಾದೇವಿಗಾರನು ಹಳ್ಳಿಯಿಂದ ಬಹುಮಟ್ಟಿಗೆ ಹಿಂದೆ ಸರಿದನೆಂದು ತರಗತಿಯಲ್ಲಿ ಹೇಳುವುದು ವಾಡಿಕೆ. ಈ ಹೋಲಿಕೆ ಎಷ್ಟರಮಟ್ಟಿಗೆ ಸಮಂಜಸವೆಂಬುದನ್ನು ಲೇಖನದ ಉತ್ತರಭಾಗದಲ್ಲಿ ಪರಿಶೀಲಿಸಲಾಗುವುದು.

3. ಶಾಖೆಯಲ್ಲಿ ವಿದ್ಯಾರ್ಥಿಯ ಕೆಲಸ

ಬ್ಯಾಂಕಿನ ಲೆಕ್ಕವೆಲ್ಲವೂ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಬ್ಬ ಸಿಬ್ಬಂದಿ ನಮೂದಿಸಿದುದನ್ನು ಮತ್ತೊಬ್ಬರು ದೃಢೀಕರಿಸಿದ ಹೊರತು ಯಾವ ನಮೂದೂ ಖಾತೆಗೆ ಏರುವುದಿಲ್ಲ. ಶಿಕ್ಷಣಕ್ಕಾಗಿ ಬಂದ ವಿದ್ಯಾರ್ಥಿಗೆ ಈ ಯಂತ್ರವನ್ನು ಮುಟ್ಟುವ ಅಧಿಕಾರವಿಲ್ಲ. ಆದಕಾರಣ ನನ್ನ ಪಾಲಿಗೆ ಬಂದುದು ಕಾಗದದ ಕೆಲಸ: ಚಲನ್ ತುಂಬಲು ತಿಳಿಯದವರಿಗೆ ತುಂಬಿಕೊಡುವುದು, ಸಂಜೆ ವೋಚರುಗಳನ್ನು ಕ್ರಮವಾಗಿ ಜೋಡಿಸುವುದು, ಸಾಲದ ಅರ್ಜಿಗಳೊಂದಿಗೆ ಇರಬೇಕಾದ ಪಹಣಿ, ಗುರುತಿನ ಚೀಟಿ, ಭಾವಚಿತ್ರ ಮುಂತಾದುವು ಇವೆಯೇ ಎಂದು ನೋಡುವುದು. ಇವು ಅಲ್ಪವಾದ ಕೆಲಸಗಳಂತೆ ತೋರಿದರೂ ಅಧ್ಯಯನದ ದೃಷ್ಟಿಯಿಂದ ಬಹಳ ಉಪಯುಕ್ತವಾದುವು. ಏಕೆಂದರೆ ಚಲನ್ ತುಂಬಿಕೊಡುವವನೊಂದಿಗೆ ಜನ ಮಾತನಾಡುತ್ತಾರೆ.

ಪಹಣಿಯ ಬಗ್ಗೆ ಒಂದು ಮಾತು ಅಗತ್ಯ. ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ಸಾಲಕ್ಕಾಗಿ ಜಮೀನಿನ ಮೇಲೆ ಬರೆಯುವ ಋಣಭಾರವು ಪಹಣಿಯಲ್ಲಿಯೇ ಕಾಣಿಸಿಕೊಳ್ಳುತ್ತದೆ. 1974ರ ಕರ್ನಾಟಕ ಕೃಷಿ ಸಾಲ ವ್ಯವಹಾರಗಳ ಕಾಯಿದೆಯಂತೆ ರೈತನು ಬರೆದುಕೊಡುವ ಘೋಷಣೆಯೇ ಈ ಭಾರಕ್ಕೆ ಆಧಾರ. ಒಂದೇ ಜಮೀನಿನ ಮೇಲೆ ಎರಡು ಬ್ಯಾಂಕುಗಳಲ್ಲಿ ಬೆಳೆಸಾಲ ಪಡೆಯುವುದು ಇದರಿಂದ ಕಷ್ಟವಾಗಿದೆ. ಬ್ಯಾಂಕಿನ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ರೈತನ ದೃಷ್ಟಿಯಿಂದ ನೋಡಿದರೆ, ಹಳೆಯ ಸಾಲ ತೀರದ ಹೊರತು ಆ ಜಮೀನಿನ ಆಧಾರದ ಮೇಲೆ ಬೇರೆ ಯಾವ ಸಂಸ್ಥೆಯ ಬಾಗಿಲೂ ತೆರೆಯುವುದಿಲ್ಲ. ಮುಂದೆ ಹೇಳುವ ವಿಷಯಕ್ಕೆ ಇದು ಮುಖ್ಯವಾದ ಸಂಗತಿ.

ಶಾಖೆಯಲ್ಲಿ ವಾರಕ್ಕೆ ಹಲವು ಬಾರಿ ನೋಡಲು ಸಿಕ್ಕಿದ ಇನ್ನೊಂದು ದೃಶ್ಯ ಚಿನ್ನದ ಒತ್ತೆಯದು. ಸರಾಫರು ಆಭರಣವನ್ನು ಒರೆಗಲ್ಲಿಗೆ ತಿಕ್ಕಿ, ಆಮ್ಲದಿಂದ ಪರೀಕ್ಷಿಸಿ, ಕಲ್ಲು ಅರಗುಗಳ ತೂಕವನ್ನು ಕಳೆದು, ನಿವ್ವಳ ತೂಕವನ್ನು ಬರೆಯುತ್ತಾರೆ. ಆ ತೂಕಕ್ಕೆ ಬೆಲೆ ಕಟ್ಟಿ, ಬೆಲೆಯ ನಿಗದಿಯಾದ ಭಾಗದವರೆಗೆ ಸಾಲ ಕೊಡಲಾಗುತ್ತದೆ. 2025ರ ಜೂನ್ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಬಳಕೆಗಾಗಿ ಕೊಡುವ ಇಂತಹ ಸಾಲಕ್ಕೆ ಎರಡೂವರೆ ಲಕ್ಷ ರೂಪಾಯಿಗಳವರೆಗೆ ಶೇಕಡಾ 85, ಅಲ್ಲಿಂದ 5 ಲಕ್ಷದವರೆಗೆ ಶೇಕಡಾ 80, ಅದಕ್ಕೂ ಮೇಲ್ಪಟ್ಟರೆ ಶೇಕಡಾ 75 ಎಂದು ಮಿತಿಯನ್ನು ಗೊತ್ತುಮಾಡಿವೆ. ಅರ್ಜಿ ಕೊಟ್ಟ ದಿನವೇ ಹಣ ಕೈಸೇರುವುದು ಈ ಸಾಲದ ವಿಶೇಷ. ಬೆಳೆಸಾಲಕ್ಕೂ ಚಿನ್ನಕ್ಕೂ ಸಂಬಂಧವೇನೆಂದು ಮೊದಲಿಗೆ ತೋರದಿದ್ದರೂ ಅವೆರಡೂ ಹೆಣೆದುಕೊಂಡಿರುವುದು ಕ್ರಮೇಣ ವಿದಿತವಾಯಿತು.

4. ಬೆಳೆಸಾಲದ ನಿಯಮಗಳು

ಬೆಳೆಸಾಲವನ್ನು ಈಗ ಬಹುತೇಕ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕ ಕೊಡಲಾಗುತ್ತದೆ. 1998ರಲ್ಲಿ ಜಾರಿಗೆ ಬಂದು 2012ರಲ್ಲಿ ಪರಿಷ್ಕೃತವಾದ ಈ ಯೋಜನೆಯ ತತ್ತ್ವ ಸರಳವಾದುದು. ರೈತನ ಜಮೀನು, ಬೆಳೆ, ಬೇಸಾಯದ ವೆಚ್ಚ ಇವುಗಳನ್ನು ನೋಡಿ ಐದು ವರ್ಷಗಳಿಗೆ ಒಂದು ಸಾಲದ ಮಿತಿಯನ್ನು ಗೊತ್ತುಮಾಡಬೇಕು. ವರ್ಷವರ್ಷವೂ ಅದನ್ನು ಪರಿಶೀಲಿಸಬೇಕು. ಆ ಮಿತಿಯೊಳಗೆ ರೈತನು ಬೇಕಾದಾಗ ಹಣ ತೆಗೆದು, ಕೈಯಲ್ಲಿ ಹಣವಿದ್ದಾಗ ಕಟ್ಟುತ್ತ ಹೋಗಬಹುದು. ವ್ಯಾಪಾರಿಗೆ ಬ್ಯಾಂಕು ಕೊಡುವ ಸುತ್ತುಸಾಲದ ಸೌಕರ್ಯವನ್ನೇ ರೈತನಿಗೂ ಒದಗಿಸಬೇಕೆಂಬುದು ಇದರ ಆಶಯ.

ಇದರ ಜೊತೆಗೆ ಬಡ್ಡಿಯ ರಿಯಾಯಿತಿ ಎಂಬ ಮತ್ತೊಂದು ಯೋಜನೆಯಿದೆ. ಅದರಂತೆ ನಿಗದಿಯಾದ ಮೊತ್ತದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ವರ್ಷಕ್ಕೆ ಶೇಕಡಾ 7. ಗಡುವಿನೊಳಗೆ ಸಾಲವನ್ನು ತೀರಿಸಿದವನಿಗೆ ಶೇಕಡಾ 3ರಷ್ಟು ಪ್ರೋತ್ಸಾಹ. ಆದುದರಿಂದ ಅವನಿಗೆ ನಿಜವಾಗಿ ಬೀಳುವುದು ಶೇಕಡಾ 4 ಮಾತ್ರ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ದೊರೆಯುವ ಬಡ್ಡಿಯಿಲ್ಲದ ಅಲ್ಪಾವಧಿ ಸಾಲಕ್ಕೂ ಇದೇ ರೀತಿ ಗಡುವಿನ ಷರತ್ತು ಉಂಟು. ಗಡುವು ಮೀರಿದರೆ ರಿಯಾಯಿತಿ ಕೈತಪ್ಪುತ್ತದೆ.

ಮೊದಲನೆಯ ಯೋಜನೆಯು ಸಾಲವನ್ನು ನಿರಂತರವಾಗಿ ಹರಿಯುವ ವ್ಯವಹಾರವೆಂದು ಭಾವಿಸುತ್ತದೆ. ಎರಡನೆಯದು ಅದನ್ನು ವರ್ಷಕ್ಕೊಮ್ಮೆ ಮುಗಿಯತಕ್ಕ ವ್ಯವಹಾರವೆಂದು ಭಾವಿಸುತ್ತದೆ. ಕಾಗದದ ಮೇಲೆ ಎರಡಕ್ಕೂ ವಿರೋಧವಿಲ್ಲ. ಬೆಳೆ ಮಾರಿ ಬಂದ ಹಣದಿಂದ ಸಾಲ ತೀರಿಸಿ, ಮುಂದಿನ ಬೇಸಾಯಕ್ಕೆ ಮತ್ತೆ ಸಾಲ ತೆಗೆಯುವ ರೈತನಿಗೆ ಎರಡೂ ಹೊಂದುತ್ತವೆ. ತೊಡಕು ಉಂಟಾಗುವುದು ಗಡುವಿನ ದಿನ ಕೈಯಲ್ಲಿ ಅಸಲು ಇಲ್ಲದಿರುವ ರೈತನಿಗೆ.

ಅಂತಹ ಸ್ಥಿತಿ ಬರುವುದು ದುಂದುಗಾರಿಕೆಯಿಂದಲೇ ಎಂದು ಭಾವಿಸುವುದು ಸರಿಯಲ್ಲ. ಮಲೆನಾಡಿನಲ್ಲಿ ಭತ್ತದ ಕೊಯ್ಲು ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಅಡಕೆಯ ಕೊಯ್ಲು ಮಳೆಗಾಲ ಮುಗಿದ ಮೇಲೆ ಆರಂಭವಾಗಿ, ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕುವ ಹೊತ್ತಿಗೆ ಬೇಸಗೆ ಬಂದಿರುತ್ತದೆ. ಬೆಲೆ ಏರಬಹುದೆಂದು ಕಾಯುವವರೂ ಇದ್ದಾರೆ. ಸಾಲದ ಗಡುವಾದರೋ ಸಾಲ ಕೊಟ್ಟ ದಿನವನ್ನು ಅನುಸರಿಸಿ ಬರುತ್ತದೆ. ಇದಲ್ಲದೆ ಬೆಳೆಯ ಹಣ ಬಂದ ತಿಂಗಳಿನಲ್ಲಿ ಮಗಳ ಮದುವೆಯೋ, ಮಗನ ಕಾಲೇಜಿನ ಶುಲ್ಕವೋ, ಆಸ್ಪತ್ರೆಯ ಖರ್ಚೋ ಎದುರಾದರೆ ಅದು ಅಲ್ಲಿಗೇ ವ್ಯಯವಾಗುತ್ತದೆ. ಬ್ಯಾಂಕು ಬೆಳೆಯನ್ನು ಬೇರೆಯಾಗಿ, ಕುಟುಂಬವನ್ನು ಬೇರೆಯಾಗಿ ಎಣಿಸುತ್ತದೆ. ರೈತನ ಮನೆಯಲ್ಲಿ ಹಣದ ಪೆಟ್ಟಿಗೆ ಒಂದೇ.

5. ನವೀಕರಣದ ವಿಧಾನ

ಮೇ ತಿಂಗಳ ಎರಡನೆಯ ವಾರದಿಂದ ಶಾಖೆಗೆ ನವೀಕರಣಕ್ಕಾಗಿ ಬರುವವರ ಸಂಖ್ಯೆ ಹೆಚ್ಚತೊಡಗಿತು. ಅವರ ಚಲನ್‌ಗಳನ್ನೂ ವೋಚರುಗಳನ್ನೂ ಜೋಡಿಸುವಾಗ ಒಂದೇ ಬಗೆಯ ಕ್ರಮವು ಮತ್ತೆಮತ್ತೆ ಕಂಡುಬಂದಿತು. ವಾಚಕರ ಸೌಲಭ್ಯಕ್ಕಾಗಿ ಒಂದು ಲಕ್ಷ ರೂಪಾಯಿಯ ಸಾಲವಿರುವ ಒಬ್ಬ ರೈತನನ್ನು ಕಲ್ಪಿಸಿಕೊಂಡು ಆ ಕ್ರಮವನ್ನು ಹೀಗೆ ನಿರೂಪಿಸಬಹುದು.

ಮೊದಲನೆಯದಾಗಿ, ರೈತನು ಅಸಲು ಒಂದು ಲಕ್ಷವನ್ನೂ ವರ್ಷದ ಬಡ್ಡಿಯನ್ನೂ ನಗದಾಗಿ ತಂದು ಕಟ್ಟುತ್ತಾನೆ. ಸಾಲದ ಖಾತೆಯ ಬಾಕಿ ಸೊನ್ನೆಯಾಗುತ್ತದೆ. ಎರಡನೆಯದಾಗಿ, ಹೊಸ ಅರ್ಜಿ, ಹೊಸ ಪಹಣಿ, ಹೊಸ ಕರಾರುಪತ್ರ ಇವುಗಳ ಮೇಲೆ ರುಜುಗಳಾಗುತ್ತವೆ. ಮೂರನೆಯದಾಗಿ, ಮರುದಿನವೋ ಕೆಲವು ದಿನಗಳ ಮೇಲೋ ಒಂದು ಲಕ್ಷ ರೂಪಾಯಿಯ ಹೊಸ ಸಾಲ ಮಂಜೂರಾಗಿ, ಸಾಲದ ಖಾತೆಗೆ ಖರ್ಚೂ ಉಳಿತಾಯ ಖಾತೆಗೆ ಜಮೆಯೂ ಬೀಳುತ್ತದೆ. ನಾಲ್ಕನೆಯದಾಗಿ, ರೈತನು ಉಳಿತಾಯ ಖಾತೆಯಿಂದ ಆ ಹಣವನ್ನು ಅದೇ ದಿನ ಪೂರ್ತಿಯಾಗಿ ತೆಗೆಯುತ್ತಾನೆ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ನಾಲ್ಕು ಹೆಜ್ಜೆಗಳಲ್ಲಿ ಯಾವ ದೋಷವೂ ಇಲ್ಲ. ಹಳೆಯ ಸಾಲ ಗಡುವಿನೊಳಗೆ ತೀರಿದೆ, ಹೊಸ ಸಾಲ ಕ್ರಮಬದ್ಧವಾಗಿ ದೊರೆತಿದೆ, ಜಮಾಖರ್ಚು ಸರಿಹೊಂದಿದೆ. ಆದರೆ ಮೊದಲನೆಯ ಹೆಜ್ಜೆಗಿಂತ ಮುಂಚೆ ಒಂದು, ನಾಲ್ಕನೆಯ ಹೆಜ್ಜೆಯಾದ ಮೇಲೆ ಒಂದು, ಹೀಗೆ ಇನ್ನೂ ಎರಡು ಹೆಜ್ಜೆಗಳಿವೆ. ಅವು ಬ್ಯಾಂಕಿನ ಲೆಕ್ಕದಲ್ಲಿ ಇಲ್ಲ. ರೈತನು ಕಟ್ಟಿದ ಅಸಲು ಎಲ್ಲಿಂದ ಬಂದಿತು? ತೆಗೆದ ಹಣ ಎಲ್ಲಿಗೆ ಹೋಯಿತು? ಚಲನ್ ತುಂಬಿಕೊಡುವಾಗ ನಡೆದ ಮಾತುಗಳಿಂದ ತಿಳಿದುಬಂದುದೇನೆಂದರೆ, ಹಲವರು ಅಸಲನ್ನು ಕೈಸಾಲವಾಗಿ ತಂದಿರುತ್ತಾರೆ. ಹೊಸ ಸಾಲ ಕೈಗೆ ಬಂದೊಡನೆ ಅದನ್ನು ಸಾಲ ಕೊಟ್ಟವನಿಗೆ ಮುಟ್ಟಿಸುತ್ತಾರೆ. ಕೆಲವು ಸಲ ಸಾಲ ಕೊಟ್ಟವನೋ ಅವನ ಕಡೆಯವನೋ ಬ್ಯಾಂಕಿನ ಹೊರಗೆ ಕಾದಿರುವುದೂ ಉಂಟು. ಒಬ್ಬ ವೃದ್ಧ ಕೃಷಿಕರು ತಾವು ಕೊಡುವ ಹಣವನ್ನು ಬಡ್ಡಿಯೆಂದು ಕರೆಯದೆ ದುಡ್ಡಿನ ಬಾಡಿಗೆ ಎಂದು ಕರೆದರು. ಅದು ಅರ್ಥಗರ್ಭಿತವಾದ ಹೆಸರು: ಹಣ ಬೇಸಾಯಕ್ಕಾಗಿ ಬಂದುದಲ್ಲ, ಬ್ಯಾಂಕಿಗೆ ಮುಖ ತೋರಿಸಿ ಹಿಂದಿರುಗುವುದಕ್ಕಾಗಿ ಬಂದುದು.

6. ಇದರಿಂದ ರೈತನಿಗೆ ಬೀಳುವ ವೆಚ್ಚ

ಮೇಲೆ ಕಲ್ಪಿಸಿಕೊಂಡ ರೈತನ ಲೆಕ್ಕವನ್ನೇ ಮುಂದುವರಿಸೋಣ. ಒಂದು ಲಕ್ಷಕ್ಕೆ ಶೇಕಡಾ 7ರಂತೆ ವರ್ಷದ ಬಡ್ಡಿ 7,000 ರೂಪಾಯಿ. ಪ್ರೋತ್ಸಾಹದ 3,000 ರೂಪಾಯಿ ಕಳೆದರೆ ಉಳಿಯುವುದು 4,000. ಸರ್ಕಾರದ ಪ್ರಕಟಣೆಗಳಲ್ಲಿ ಕಾಣುವ ಶೇಕಡಾ 4 ಎಂಬ ದರ ಇದೇ. ಈಗ ಆತನು ಅಸಲಿನ ಒಂದು ಲಕ್ಷವನ್ನು ಒಂದು ವಾರದ ಮಟ್ಟಿಗೆ ನೂರಕ್ಕೆ ಎರಡರಂತೆ ಕೈಸಾಲ ತಂದನೆಂದು ಇಟ್ಟುಕೊಳ್ಳೋಣ. ಅದಕ್ಕೆ 2,000 ರೂಪಾಯಿ. ಒಟ್ಟು ವೆಚ್ಚ 6,000 ರೂಪಾಯಿ. ಅಂದರೆ ಶೇಕಡಾ 6. ಪ್ರೋತ್ಸಾಹವೆಂದು ದೊರೆತ ಮೂರು ಸಾವಿರದಲ್ಲಿ ಎರಡು ಸಾವಿರವು ಲೇವಾದೇವಿಗಾರನ ಕೈ ಸೇರಿತು. ವಾರಕ್ಕೆ ನೂರಕ್ಕೆ ಎರಡೆಂಬುದನ್ನು ವರ್ಷಕ್ಕೆ ಗುಣಿಸಿದರೆ ಶೇಕಡಾ 104 ಆಗುತ್ತದೆ. ಲೇವಾದೇವಿಯನ್ನು ನಿಯಂತ್ರಿಸುವ 1961ರ ಕಾಯಿದೆಯೂ ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ 2004ರ ಕಾಯಿದೆಯೂ ಕರ್ನಾಟಕದಲ್ಲಿ ಇದ್ದರೂ, ಪತ್ರವಿಲ್ಲದೆ ಸಾಕ್ಷಿಯಿಲ್ಲದೆ ಒಂದು ವಾರದೊಳಗೆ ಹುಟ್ಟಿ ಮುಗಿಯುವ ಇಂತಹ ಸಾಲವು ಅವುಗಳ ದೃಷ್ಟಿಗೆ ಬೀಳುವುದು ದುರ್ಲಭ.

ಮನೆಯಲ್ಲಿ ಚಿನ್ನವಿರುವ ರೈತನ ಮಾರ್ಗ ಬೇರೆ. ಅವನು ಮಡದಿಯ ಸರವನ್ನೋ ಬಳೆಗಳನ್ನೋ ಬ್ಯಾಂಕಿನಲ್ಲಿಯೇ ಒತ್ತೆಯಿಟ್ಟು ಹಣ ಪಡೆದು, ಆ ಹಣದಿಂದ ಬೆಳೆಸಾಲವನ್ನು ತೀರಿಸಿ, ಹೊಸ ಬೆಳೆಸಾಲ ಬಂದ ಮೇಲೆ ಚಿನ್ನವನ್ನು ಬಿಡಿಸಿಕೊಳ್ಳುತ್ತಾನೆ. ಚಿನ್ನದ ಸಾಲಕ್ಕೆ ವರ್ಷಕ್ಕೆ ಶೇಕಡಾ 9 ಬಡ್ಡಿಯೆಂದು ಇಟ್ಟುಕೊಂಡರೂ ಒಂದು ಲಕ್ಷಕ್ಕೆ ಏಳು ದಿನಗಳ ಬಡ್ಡಿ ಸುಮಾರು 173 ರೂಪಾಯಿ. ಸರಾಫರ ಶುಲ್ಕವನ್ನು ಸೇರಿಸಿದರೂ ಅದು ಲೇವಾದೇವಿಗಾರನ ಎರಡು ಸಾವಿರಕ್ಕೆ ಸಮೀಪಿಸಲಾರದು.

ಈ ವ್ಯತ್ಯಾಸವು ಗಮನಾರ್ಹವಾದುದು. ಇಬ್ಬರು ರೈತರಿಗೂ ಜಮೀನು ಒಂದೇ ಅಳತೆಯದು, ಬೆಳೆ ಒಂದೇ, ಬ್ಯಾಂಕು ಒಂದೇ, ಬಡ್ಡಿಯ ದರವೂ ಒಂದೇ. ಆದರೂ ಒಬ್ಬನಿಗೆ ನವೀಕರಣದ ವೆಚ್ಚ ನೂರಾರು ರೂಪಾಯಿ, ಮತ್ತೊಬ್ಬನಿಗೆ ಸಾವಿರಾರು ರೂಪಾಯಿ. ಆಭರಣವಿಲ್ಲದ ಮನೆಯೇ ಹೆಚ್ಚು ಬಡ ಮನೆಯಾಗಿರುವುದು ಸಹಜವಾದುದರಿಂದ, ಎಲ್ಲರಿಗೂ ಸಮಾನವೆಂದು ಗೊತ್ತುಮಾಡಿದ ದರವು ಬಡವನ ಪಾಲಿಗೆ ಹೆಚ್ಚಾಗಿ ಪರಿಣಮಿಸುತ್ತದೆ. ಸಾಲದ ಪತ್ರದಲ್ಲಿ ಆಧಾರವೆಂದು ಬರೆದಿರುವುದು ಗಂಡನ ಹೆಸರಿನ ಜಮೀನನ್ನಾದರೂ ಗಡುವಿನ ದಿನ ಸಾಲವನ್ನು ಎತ್ತಿಹಿಡಿಯುವುದು ಹೆಂಡತಿಯ ಕೊರಳಿನ ಚಿನ್ನವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

7. ಅಂಕಿಅಂಶಗಳ ಮೇಲೆ ಆಗುವ ಪರಿಣಾಮ

ನವೀಕರಣದ ಈ ವಿಧಾನವು ಸಂಶೋಧಕನಿಗೆ ಒಡ್ಡುವ ಪ್ರಶ್ನೆ ಇನ್ನೂ ವ್ಯಾಪಕವಾದುದು. ಇದನ್ನು ತಿಳಿಯಬೇಕಾದರೆ ಪ್ರವಾಹ ಮತ್ತು ಶೇಷ ಎಂಬ ಎರಡು ಪರಿಕಲ್ಪನೆಗಳನ್ನು ನೆನಪಿಗೆ ತಂದುಕೊಳ್ಳಬೇಕು. ಒಂದು ವರ್ಷದ ಉದ್ದಕ್ಕೂ ಎಷ್ಟು ಸಾಲ ಕೊಡಲಾಯಿತೆಂಬುದು ಪ್ರವಾಹ. ಒಂದು ಗೊತ್ತಾದ ದಿನ ಎಷ್ಟು ಸಾಲ ಬಾಕಿಯಿದೆಯೆಂಬುದು ಶೇಷ. ಕೆರೆಗೆ ವರ್ಷದಲ್ಲಿ ಹರಿದುಬಂದ ನೀರಿಗೂ ಇಂದು ಕೆರೆಯಲ್ಲಿ ನಿಂತಿರುವ ನೀರಿಗೂ ಇರುವ ಭೇದವೇ ಇದು.

ಕೃಷಿಸಾಲದ ವಾರ್ಷಿಕ ಗುರಿಯನ್ನು ಕೇಂದ್ರ ಸರ್ಕಾರವು ಪ್ರವಾಹದ ರೂಪದಲ್ಲಿ, ಅಂದರೆ ವಿತರಣೆಯ ಮೊತ್ತವಾಗಿ, ಪ್ರಕಟಿಸುತ್ತದೆ. 2023-24ನೆಯ ಸಾಲಿಗೆ ಈ ಗುರಿ 20 ಲಕ್ಷ ಕೋಟಿ ರೂಪಾಯಿಗಳಾಗಿದ್ದಿತು. ಈಗ ತಲಾ ಒಂದು ಲಕ್ಷದ ಸಾಲವಿರುವ ಹತ್ತು ರೈತರು ಮೇಲೆ ವಿವರಿಸಿದ ರೀತಿಯಲ್ಲಿ ಸಾಲವನ್ನು ನವೀಕರಿಸಿದರೆಂದು ಭಾವಿಸೋಣ. ವಿತರಣೆಯ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ಸೇರುತ್ತದೆ. ಮರುಪಾವತಿಯ ಲೆಕ್ಕದಲ್ಲಿ ನೂರಕ್ಕೆ ನೂರು ವಸೂಲಿ ಕಾಣುತ್ತದೆ. ಆದರೆ ಆ ವರ್ಷ ಅವರ ಹೊಲತೋಟಗಳಿಗೆ ಹೊಸದಾಗಿ ಬಂದ ಹಣ ಏನೂ ಇಲ್ಲ. ಅವರಲ್ಲಿ ಕೆಲವರು ನಡುವೆ ಚಿನ್ನವನ್ನು ಒತ್ತೆಯಿಟ್ಟು ಕೃಷಿಯ ಹೆಸರಿನಲ್ಲಿಯೇ ಆ ಸಾಲವನ್ನು ಪಡೆದಿದ್ದರೆ, ಒಂದೇ ಹಣ ವಿತರಣೆಯಲ್ಲಿ ಎರಡು ಬಾರಿ ಎಣಿಕೆಯಾಗುತ್ತದೆ. ಬೆಳೆಯನ್ನು ಮಾರಿ ಸಾಲ ತೀರಿಸಿ ಮತ್ತೆ ಸಾಲ ಪಡೆದ ರೈತನ ನಮೂದುಗಳೂ, ಕೈಸಾಲ ತಂದು ತೀರಿಸಿ ಮತ್ತೆ ಸಾಲ ಪಡೆದ ರೈತನ ನಮೂದುಗಳೂ ಬ್ಯಾಂಕಿನ ಲೆಕ್ಕದಲ್ಲಿ ಒಂದೇ ತೆರನಾಗಿರುತ್ತವೆ. ಮೊದಲನೆಯವನು ಏಳಿಗೆಯಲ್ಲಿದ್ದಾನೆ, ಎರಡನೆಯವನು ನಿಂತಲ್ಲಿಯೇ ಇದ್ದಾನೆ; ಕೋಷ್ಟಕಕ್ಕೆ ಇಬ್ಬರೂ ಸಕಾಲದಲ್ಲಿ ತೀರಿಸಿದವರೇ.

ಲೇವಾದೇವಿಗಾರನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಸಾಲದ ವಿಚಾರಣೆಗಳಲ್ಲಿ ಸಾಮಾನ್ಯವಾಗಿ ಉದ್ಧರಿಸುವ ಶೇಕಡಾ 66 ಎಂಬಂತಹ ಅಂಕಿಗಳು ಒಂದು ದಿನದ ಬಾಕಿಯನ್ನು, ಅಂದರೆ ಶೇಷವನ್ನು, ಆಧರಿಸಿದುವು. ಒಬ್ಬನು ಒಂದು ಲಕ್ಷ ರೂಪಾಯಿಯನ್ನು ವಾರಕ್ಕೊಬ್ಬ ರೈತನಂತೆ ವರ್ಷದಲ್ಲಿ ಐವತ್ತು ಮಂದಿಗೆ ಕೊಟ್ಟು ಹಿಂದಕ್ಕೆ ಪಡೆದನೆಂದು ಇಟ್ಟುಕೊಳ್ಳೋಣ. ಅವನು ನಡೆಸಿದ ವ್ಯವಹಾರ ಐವತ್ತು ಲಕ್ಷ ರೂಪಾಯಿಯದು. ಯಾವುದೇ ಒಂದು ದಿನ ಕಾಣುವ ಬಾಕಿ ಮಾತ್ರ ಒಂದೇ ಲಕ್ಷ. ಆ ದಿನ ಐವತ್ತು ಮನೆಗಳಲ್ಲಿ ನಲವತ್ತೊಂಬತ್ತು ಮನೆಗಳವರು ತಮಗೆ ಲೇವಾದೇವಿಗಾರನ ಸಾಲವಿಲ್ಲವೆಂದು ಉತ್ತರಿಸುತ್ತಾರೆ, ಮತ್ತು ಅದು ಸತ್ಯವಾದ ಉತ್ತರವೇ ಆಗಿರುತ್ತದೆ.

ಹೀಗೆ ಬ್ಯಾಂಕಿನ ಸಾಲವನ್ನು ಪ್ರವಾಹದಲ್ಲಿ ಅಳೆದಾಗ ನವೀಕರಣದಿಂದ ಅದು ದೊಡ್ಡದಾಗಿ ತೋರುತ್ತದೆ; ಖಾಸಗಿ ಸಾಲವನ್ನು ಶೇಷದಲ್ಲಿ ಅಳೆದಾಗ ಅದೇ ನವೀಕರಣದಿಂದ ಅದು ಸಣ್ಣದಾಗಿ ತೋರುತ್ತದೆ. ಎರಡು ಅಳತೆಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ಇನ್ನು 1951-52ರ ಸಮೀಕ್ಷೆಯ ಮೇಲ್ಕಂಡ ಅಂಕಿಗಳಾದರೋ ರೈತರು ವರ್ಷದಲ್ಲಿ ತಂದ ಸಾಲವನ್ನು, ಅಂದರೆ ಪ್ರವಾಹವನ್ನು, ಕುರಿತವು. ಅವನ್ನು 2019ರ ಶೇಷದ ಅಂಕಿಗಳೊಂದಿಗೆ ಒಂದೇ ಸಾಲಿನಲ್ಲಿ ಇಡುವಾಗ ಎಚ್ಚರಿಕೆ ಅಗತ್ಯ. ಎಪ್ಪತ್ತು ವರ್ಷಗಳಲ್ಲಿ ಸಂಸ್ಥೆಗಳ ಸಾಲ ಬಹಳ ಮಟ್ಟಿಗೆ ಹಬ್ಬಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೇವಾದೇವಿಗಾರನು ಹಿಂದೆ ಸರಿದುದು ಎಷ್ಟು, ಬ್ಯಾಂಕಿನ ಬಾಗಿಲಿಗೇ ಬಂದು ನಿಂತುದು ಎಷ್ಟು ಎಂಬುದನ್ನು ಈ ಕೋಷ್ಟಕಗಳಿಂದ ನಿರ್ಧರಿಸಲಾಗದು.

8. ಶಾಖೆಯವರ ಸ್ಥಿತಿ, ಕೆಲವು ಸೂಚನೆಗಳು

ಇದೆಲ್ಲವೂ ಶಾಖೆಯ ಅಧಿಕಾರಿಗಳ ನಿರ್ದಯತೆಯಿಂದ ನಡೆಯುತ್ತದೆಂದು ತಿಳಿಯಬಾರದು. ನಾನು ಕಂಡ ಸಿಬ್ಬಂದಿಯವರಿಗೆ ರೈತರ ಕಷ್ಟ ಚೆನ್ನಾಗಿ ತಿಳಿದಿದ್ದಿತು. ಆದರೆ ಅಸಲನ್ನು ಕಟ್ಟಿಸಿಕೊಳ್ಳದೆ ಸಾಲವನ್ನು ಮುಂದುವರಿಸಿದರೆ ರೈತನಿಗೆ ಪ್ರೋತ್ಸಾಹಧನ ತಪ್ಪುತ್ತದೆ. ಗಡುವು ಮೀರಿ, ಅಲ್ಪಾವಧಿ ಬೆಳೆಗೆ ಎರಡು ಹಂಗಾಮುಗಳೂ ದೀರ್ಘಾವಧಿ ಬೆಳೆಗೆ ಒಂದು ಹಂಗಾಮೂ ಕಳೆದರೆ, ಆ ಸಾಲವನ್ನು ವಸೂಲಾಗದ ಸಾಲವೆಂದು ವರ್ಗೀಕರಿಸಬೇಕಾಗುತ್ತದೆ. 1963ರ ಕಾಲಮಿತಿ ಕಾಯಿದೆಯಂತೆ ಮೂರು ವರ್ಷಗಳೊಳಗೆ ಋಣವನ್ನು ಬರಹದಲ್ಲಿ ಒಪ್ಪಿಸಿಕೊಳ್ಳದಿದ್ದರೆ ದಾವೆಯ ಹಕ್ಕಿಗೇ ಧಕ್ಕೆ ಬರುತ್ತದೆ. ಆದಕಾರಣ ಪ್ರತಿವರ್ಷವೂ ತೀರಿಸಿ ಮತ್ತೆ ತೆಗೆಯುವುದು ಶಾಖೆಗೂ ಕ್ಷೇಮ, ಹೊರನೋಟಕ್ಕೆ ರೈತನಿಗೂ ಕ್ಷೇಮ. ಎಲ್ಲರೂ ನಿಯಮವನ್ನು ಪಾಲಿಸಿದ್ದರಿಂದಲೇ ಒದಗಿದ ವೆಚ್ಚವಿದು.

ಈ ವೆಚ್ಚವನ್ನು ತಗ್ಗಿಸುವುದು ಅಸಾಧ್ಯವೇನೂ ಅಲ್ಲ. ಸಾಲದ ಗಡುವನ್ನು ಸಾಲ ಕೊಟ್ಟ ದಿನಕ್ಕೆ ಕಟ್ಟದೆ, ಆಯಾ ಪ್ರದೇಶದಲ್ಲಿ ಬೆಳೆ ಮಾರಾಟವಾಗುವ ತಿಂಗಳಿಗೆ ಹೊಂದಿಸಿದರೆ ಕೈಸಾಲದ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ವರ್ಷದ ಬಡ್ಡಿಯನ್ನೂ ಅಸಲಿನ ಒಂದು ಭಾಗವನ್ನೂ ಕಟ್ಟಿದವನಿಗೆ, ಕಟ್ಟಿದಷ್ಟಕ್ಕೆ ತಕ್ಕಂತೆ ಪ್ರೋತ್ಸಾಹ ಕೊಡುವ ಏರ್ಪಾಡಾದರೆ ಸುತ್ತುಸಾಲದ ಮೂಲ ಆಶಯಕ್ಕೆ ಬಲ ಬರುತ್ತದೆ. ಇದಕ್ಕೆ ಪ್ರತಿಯಾಗಿ, ಅಸಲನ್ನು ಪೂರ್ತಿಯಾಗಿ ಕಟ್ಟಿಸಿಕೊಳ್ಳದಿದ್ದರೆ ಸಾಲ ಬೆಳೆಯುತ್ತ ಹೋಗಿ ರೈತನೂ ಬ್ಯಾಂಕೂ ಮುಳುಗುವರೆಂಬ ವಾದವುಂಟು. ವಾದದಲ್ಲಿ ಹುರುಳಿದೆ, ಆದರೆ ಕೈಸಾಲದಿಂದ ಕಟ್ಟಿಸಿಕೊಂಡ ಅಸಲು ಶಿಸ್ತಿನ ಹೊರರೂಪವನ್ನು ಮಾತ್ರ ಕೊಡುತ್ತದೆ, ಆ ರೂಪಕ್ಕಾಗಿ ಬಡವನು ಬೆಲೆ ತೆರುತ್ತಾನೆ.

ಸಂಶೋಧಕರಿಗೆ ಸಂಬಂಧಿಸಿದಂತೆ ಒಂದು ಸೂಚನೆಯುಂಟು. ನಿಜವಾದ ಮರುಪಾವತಿಯನ್ನು ತೋರಿಕೆಯ ಮರುಪಾವತಿಯಿಂದ ಬೇರ್ಪಡಿಸಲು ಬ್ಯಾಂಕಿನ ದಾಖಲೆಗಳಲ್ಲಿಯೇ ಕೆಲವು ಲಕ್ಷಣಗಳು ದೊರೆಯುತ್ತವೆ. ಸಾಲ ತೀರಿದ ದಿನಕ್ಕೂ ಹೊಸ ಸಾಲ ತೆಗೆದ ದಿನಕ್ಕೂ ನಡುವೆ ಎಷ್ಟು ಅಂತರವಿದೆ? ಕಟ್ಟಿದ ಅಸಲೂ ತೆಗೆದ ಮೊತ್ತವೂ ಸಮಸಮವೇ? ಹಣ ಮಂಡಿಯಿಂದ ಖಾತೆಗೆ ನೇರವಾಗಿ ವರ್ಗವಾಗಿ ಬಂದಿತೇ, ಇಲ್ಲವೇ ಒಂದೇ ದಿನ ನಗದಾಗಿ ಬಂದಿತೇ? ಅದೇ ವಾರ ಅದೇ ಹೆಸರಿನಲ್ಲಿ ಚಿನ್ನದ ಸಾಲ ಹುಟ್ಟಿ ಮುಗಿದಿದೆಯೇ? ಖಾತೆದಾರರ ಹೆಸರುಗಳನ್ನು ಮರೆಮಾಡಿ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಒದಗಿಸಲು ಯಾವುದಾದರೊಂದು ಬ್ಯಾಂಕು ಒಪ್ಪಿದರೆ, ಒಂದು ತಾಲ್ಲೂಕಿನ ಬೆಳೆಸಾಲದಲ್ಲಿ ಎಷ್ಟು ಭಾಗ ನಿಜವಾಗಿ ಬೇಸಾಯದೊಂದಿಗೆ ಸುತ್ತುತ್ತಿದೆಯೆಂಬುದನ್ನು ಅಂದಾಜು ಮಾಡಬಹುದು. ಮನೆಮನೆಯ ವಿಚಾರಣೆಯಲ್ಲಿಯೂ ಇಂದಿನ ಬಾಕಿ ಎಷ್ಟೆಂದು ಕೇಳುವುದರೊಂದಿಗೆ, ಕಳೆದ ಹನ್ನೆರಡು ತಿಂಗಳಲ್ಲಿ ಕೆಲವೇ ದಿನಗಳ ಮಟ್ಟಿಗೆ ತಂದ ಸಾಲಗಳಾವುವೆಂದು ಬೇರೆಯಾಗಿ ಕೇಳಬೇಕು.

9. ಉಪಸಂಹಾರ

ಎಂಟು ವಾರಗಳಲ್ಲಿ ಒಂದು ಶಾಖೆಯಲ್ಲಿ ಕಂಡುದರಿಂದ ಇಡೀ ನಾಡಿನ ವಿಷಯದಲ್ಲಿ ಸಿದ್ಧಾಂತ ಮಾಡುವುದು ಉಚಿತವಲ್ಲ. ನವೀಕರಣಕ್ಕೆ ಬಂದವರಲ್ಲಿ ಅಡಕೆ ಮಾರಿದ ಹಣವನ್ನು ತಂದವರೂ ಇದ್ದರು, ಮಕ್ಕಳು ಪಟ್ಟಣದಿಂದ ಕಳುಹಿಸಿದ ಹಣವನ್ನು ತಂದವರೂ ಇದ್ದರು, ಕೈಸಾಲ ತಂದವರೂ ಇದ್ದರು. ಯಾರು ಎಷ್ಟು ಮಂದಿಯೆಂದು ಎಣಿಸುವುದು ಕ್ರಮಬದ್ಧವಾದ ಸಂಶೋಧನೆಯ ಕೆಲಸ. ಅಂತಹ ಎಣಿಕೆ ಅಗತ್ಯವೆಂಬುದನ್ನು ತೋರಿಸುವಷ್ಟು ಮಾತ್ರ ಈ ಲೇಖನದಿಂದ ಸಾಧ್ಯವಾಗಿದ್ದರೆ ಸಾಕು.

ಪ್ರಾಯೋಗಿಕ ಶಿಕ್ಷಣವನ್ನು ಉದ್ಯೋಗಕ್ಕೆ ಪೂರ್ವಸಿದ್ಧತೆಯೆಂದು ಮಾತ್ರ ಎಣಿಸುವುದು ರೂಢಿಯಾಗಿದೆ. ಸಂಶೋಧನೆಯನ್ನು ಕೈಗೊಳ್ಳುವ ವಿದ್ಯಾರ್ಥಿಗೂ ಅದು ಅಷ್ಟೇ ಉಪಯುಕ್ತವೆಂದು ನನ್ನ ಅಭಿಪ್ರಾಯ. ವಿಭಾಗದ ವಿದ್ಯಾರ್ಥಿಗಳು ಮುಂದೆ ಬೇಸಗೆಯಲ್ಲಿ ಶಾಖೆಗಳಿಗೆ ಹೋಗುವಾಗ, ತಾವು ಕೋಷ್ಟಕಗಳಲ್ಲಿ ಓದಿದ ಒಂದು ಅಂಕಿಯನ್ನು ಆಯ್ದುಕೊಂಡು, ಅದು ಕೌಂಟರಿನಲ್ಲಿ ಹೇಗೆ ಹುಟ್ಟುತ್ತದೆಂಬುದನ್ನು ಆದಿಯಿಂದ ಅಂತ್ಯದವರೆಗೆ ಅನುಸರಿಸಿ ಬರೆದು ತರುವ ಏರ್ಪಾಡಾದರೆ, ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಬೆಲೆಯುಳ್ಳ ಒಂದು ಸಂಗ್ರಹವೇ ಸಿದ್ಧವಾಗುತ್ತದೆ. ಬೆಳೆಸಾಲವನ್ನು ಈ ರೀತಿ ನೋಡಿದುದಾಯಿತು. ಸ್ವಸಹಾಯ ಸಂಘಗಳ ಸಾಲ, ವಿದ್ಯಾರ್ಥಿಗಳ ಶಿಕ್ಷಣ ಸಾಲ, ಸಣ್ಣ ವ್ಯಾಪಾರಿಗಳ ಸಾಲ ಇವು ಇನ್ನೂ ಉಳಿದಿವೆ.